ಸಿರಿ ಬಂದ ಮೇಲೆ ದೇವರು

ನಮ್ಮೂರ ಮಾರಮ್ಮನ ಗುಡಿಗೆ ಕಳೆದ ವರ್ಷ ಮೂರು ಅಂತಸ್ತಿನ ಗೋಪುರ ಎದ್ದಿತು. ಹಿಂದೆ ಅಲ್ಲಿ ಗುಡಿಯೆಂಬುದೇ ಇರಲಿಲ್ಲವಂತೆ. ಬೇವಿನ ಮರದ ಬುಡದಲ್ಲಿ ಅರಿಶಿನ ಮೆತ್ತಿದ ಒಂದು ಗುಂಡುಕಲ್ಲು, ಅದರ ಮುಂದೆ ಮೊಳದೆತ್ತರದ ಮಣ್ಣಿನ ಕಟ್ಟೆ, ಇಷ್ಟೇ. ನಾನು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ತಗಡಿನ ಸೂರೊಂದು ಬಂದಿತ್ತು. ಈಗ ಗ್ರಾನೈಟ್ ನೆಲ, ಹಿತ್ತಾಳೆ ತಗಡು ಹೊದಿಸಿದ ಬಾಗಿಲು, ಮಂಗಳಾರತಿಯ ಹೊತ್ತಿಗೆ ತಾನಾಗಿಯೇ ನಗಾರಿ ಬಾರಿಸುವ ವಿದ್ಯುತ್ ಯಂತ್ರ, ಎಲ್ಲವೂ ಬಂದಿವೆ. ಬಾಗಿಲಿನ ಬಲಪಕ್ಕದಲ್ಲಿ ಕರಿಕಲ್ಲಿನ ಹಲಗೆಯ ಮೇಲೆ ದಾನಿಗಳ ಹೆಸರುಗಳನ್ನು ಚಿನ್ನದ ಬಣ್ಣದಲ್ಲಿ ಕೆತ್ತಿಸಿದ್ದಾರೆ. ಕೊಟ್ಟ ಮೊತ್ತಕ್ಕೆ ತಕ್ಕಂತೆ ಅಕ್ಷರಗಳು ದಪ್ಪವಾಗಿಯೂ ಸಣ್ಣವಾಗಿಯೂ ಇವೆ. ನಮ್ಮ ತಂದೆಯವರ ಹೆಸರು ದಪ್ಪ ಅಕ್ಷರಗಳ ಸಾಲಿನಲ್ಲಿ ಮೂರನೆಯದು. ಕೊಟ್ಟದ್ದು ಐದು ಲಕ್ಷ ರೂಪಾಯಿ.

ಐಶ್ವರ್ಯ ಬಂದೊಡನೆ ಮಾನವನು ದೇವರನ್ನು ಮರೆಯುತ್ತಾನೆಂದು ಭಾಷಣಕಾರರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಚರ್ಚಾಸ್ಪರ್ಧೆಯಲ್ಲಿ ನಾನೂ ಹೇಳಿ ಬಹುಮಾನ ಪಡೆದವನೇ. ಆದರೆ ನಮ್ಮ ಮಂಡ್ಯ ಸೀಮೆಯಲ್ಲಿ ಕಣ್ಣಾರೆ ಕಾಣುವ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಇಲ್ಲಿ ಸಿರಿ ಬಂದಷ್ಟೂ ಗುಡಿಗಳು ಎದ್ದಿವೆ, ಜಾತ್ರೆಗಳು ಬೆಳೆದಿವೆ, ತಿರುಪತಿಗೂ ಶಬರಿಮಲೆಗೂ ಹೊರಡುವ ವಾಹನಗಳು ಹೆಚ್ಚಿವೆ. ಜನರು ದೇವರ ಕಡೆಗೆ ತಿರುಗಿಲ್ಲವೆಂದು ಯಾರೂ ಹೇಳಲಾರರು. ತಿರುಗಿರುವುದು ದೇವರ ಕಡೆಗೇ ಹೌದೇ ಎಂಬುದು ಮಾತ್ರ ನನ್ನ ಸಂದೇಹ. ಅದನ್ನು ಹಿರಿಯರಾದ ಉಪನ್ಯಾಸಕರ ಮುಂದೆಯೂ ಸಹಪಾಠಿಗಳ ಮುಂದೆಯೂ ಇಡುವುದಕ್ಕೆ ಈ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ.

ನಮ್ಮ ಸೀಮೆಯ ಸಿರಿ ಯಾವಾಗ ಹುಟ್ಟಿತೆಂದು ಬೆರಳಿಟ್ಟು ತೋರಿಸಬಹುದು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಅದಕ್ಕೆ ಮುನ್ನ ಈ ಊರುಗಳಲ್ಲಿ ಮಳೆಯನ್ನು ನಂಬಿದ ರಾಗಿ, ಹುರುಳಿಗಳೇ ಬೆಳೆ. ಕಟ್ಟೆ ಮುಗಿದು, ವೈಸರಾಯ್ ಇರ್ವಿನ್ನರ ಹೆಸರಿಟ್ಟ ನಾಲೆ, ಈಗ ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವುದು, ಹುಲಿಕೆರೆಯ ಸುರಂಗವನ್ನು ದಾಟಿ ಹರಿದು ಬಂದಾಗ ಒಂದೇ ತಲೆಮಾರಿನಲ್ಲಿ ಹೊಲ ಗದ್ದೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಗಿ ಕಬ್ಬಿಗೆ ಹಣ ಬರತೊಡಗಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಪಟವನ್ನು ದೇವರ ಪಟಗಳ ಸಾಲಿನಲ್ಲಿಟ್ಟು ಊದುಬತ್ತಿ ಹಚ್ಚುವ ಮನೆಗಳು ಇಂದಿಗೂ ಇವೆ, ನಮ್ಮದೂ ಒಂದು. ಇದು ವಿಗ್ರಹಾರಾಧನೆಯೆಂದು ಯಾರಾದರೂ ಆಕ್ಷೇಪಿಸಿದರೆ ನಾನು ಒಪ್ಪಲಾರೆ. ಉಂಡ ಅನ್ನದ ನೆನಪಿರುವವರ ನಮಸ್ಕಾರ ಅದು. ಆ ಪಟದ ಮುಂದೆ ನಿಂತು ನಮ್ಮ ಅಜ್ಜ ಏನನ್ನೂ ಬೇಡಿದ್ದನ್ನು ನಾನು ಕೇಳಲಿಲ್ಲ.

ಎರಡನೆಯ ಸಿರಿ ಬಂದದ್ದು ನಮ್ಮ ಕಾಲದಲ್ಲೇ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಗೆ ನಾಲೆಯ ಬಯಲಿನ ಭೂಮಿ ಹೋಯಿತು. ಆ ರಸ್ತೆ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಪರಿಹಾರದ ಹಣ ಅದಕ್ಕೂ ಮುಂಚೆಯೇ ಊರಿಗೆ ಬಂದಿತ್ತು. ಮೂರು ತಲೆಮಾರು ಕಬ್ಬು ಬತ್ತ ಬೆಳೆದು ನೋಡದಿದ್ದ ಮೊತ್ತ ಒಂದೇ ದಿನ ಬ್ಯಾಂಕಿನ ಪುಸ್ತಕದಲ್ಲಿ ಬಿತ್ತು. ಮೊದಲು ಕಾರುಗಳು ಬಂದವು, ಬಳಿಕ ಮಹಡಿ ಮನೆಗಳು, ಕಡೆಗೆ ಗೋಪುರ. ನಾನು ಕಾಲೇಜಿಗೆ ಬರುವ ಮೋಟಾರು ಸೈಕಲ್ಲೂ ಆ ಹಣದ್ದೇ. ಇದನ್ನು ಮರೆಮಾಚಿ ಇತರರನ್ನು ದೂರುವುದು ಸರಿಯಲ್ಲವಾದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ.

ಹೆದ್ದಾರಿ ಉದ್ಘಾಟನೆಯಾದ ಆ ವರ್ಷವೇ ಮಳೆ ಕೈಕೊಟ್ಟಿತು. 124.80 ಅಡಿಯ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರ ಘೋಷಿಸಿತು; ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ದಿನವೂ ಧರಣಿ. ಆಗ ನಮ್ಮೂರಿನಲ್ಲಿ ಬಹುಕಾಲದ ಮೇಲೆ ಮಳೆರಾಯನನ್ನು ಮಾಡಿದರು. ಮಣ್ಣಿನ ಗೊಂಬೆಯನ್ನು ಹಲಗೆಯ ಮೇಲಿಟ್ಟು, ಬರಿಮೈಯ ಹುಡುಗನೊಬ್ಬನ ತಲೆಗೆ ಹೊರಿಸಿ ಮನೆಮನೆಗೆ ಕರೆದುಕೊಂಡು ಹೋಗುವುದು, ಪ್ರತಿ ಮನೆಯವರೂ ಅವನ ತಲೆಯ ಮೇಲೆ ಒಂದು ಬಿಂದಿಗೆ ನೀರು ಸುರಿಯುವುದು, ರಾಗಿಯನ್ನೋ ಅಕ್ಕಿಯನ್ನೋ ನೀಡುವುದು. ಕಾರು ಕೊಂಡವರೂ ಹೊರಗೆ ಬಂದು ಕೈಮುಗಿದು ನಿಂತರು. ಮಹಡಿಯ ಮನೆಯ ಯಜಮಾನರೊಬ್ಬರು ಆ ಹುಡುಗನ ಕಾಲು ಮುಟ್ಟಿದ್ದನ್ನು ನಾನು ಕಂಡೆ. ಆ ಹುಡುಗ ಅವರ ಗದ್ದೆಯಲ್ಲಿ ಕೂಲಿಗೆ ಹೋಗುವವರ ಮಗ. ಅಂದು ಸಂಜೆ ಇಡೀ ಊರಿಗೆ ಒಂದೇ ಕಡೆ ಅಡುಗೆಯಾಯಿತು. ಯಾರು ಯಾರ ಪಕ್ಕ ಕೂತರೆಂದು ಯಾರೂ ನೋಡಲಿಲ್ಲ. 2024ರ ಜುಲೈಯಲ್ಲಿ ಕಟ್ಟೆ ತುಂಬಿತು, ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು, ನಾಲೆಗೆ ನೀರು ಬಂತು. ಮಳೆರಾಯನ ಹುಡುಗ ಮತ್ತೆ ಕೂಲಿಯವರ ಮಗನಾದನು. ಗೋಪುರದ ಕಳಸಾರೋಹಣದ ದಿನ ಊಟದ ಪಂಕ್ತಿ ಎರಡಾಯಿತು, ದಾನಿಗಳದೊಂದು, ಉಳಿದವರದೊಂದು.

ನವನಾಗರಿಕತೆಯ ವಿಗ್ರಹಗಳು ಯಾವುವೆಂದು ಕೇಳಿದರೆ ಉತ್ತರ ಎಲ್ಲರ ನಾಲಿಗೆಯ ಮೇಲಿದೆ. ಚಿತ್ರನಟರ ನಲವತ್ತಡಿಯ ಕಟೌಟಿಗೆ ಹಾಲಿನ ಅಭಿಷೇಕ ಮಾಡುತ್ತೇವೆ. ಮುಖಂಡರಿಗೆ ಕ್ರೇನಿನಲ್ಲಿ ಸೇಬಿನ ಹಾರ ತೂಗಿಬಿಡುತ್ತೇವೆ. ಬೆಳಗ್ಗೆ ಕಣ್ಣು ಬಿಟ್ಟೊಡನೆ ಅಂಗೈ ನೋಡಿಕೊಳ್ಳುತ್ತಿದ್ದವರ ಮೊಮ್ಮಕ್ಕಳಾದ ನಾವು ಅಂಗೈಯೊಳಗಿನ ಮೊಬೈಲನ್ನು ನೋಡಿಕೊಳ್ಳುತ್ತೇವೆ. ಇವನ್ನು ಹಾಸ್ಯ ಮಾಡುವುದು ಬಲು ಸುಲಭ, ಅದರಿಂದ ಯಾರಿಗೂ ನೋವಾಗುವುದಿಲ್ಲ. ಕಟೌಟಿಗೆ ಹಾಲು ಸುರಿಯುವ ಹುಡುಗನಿಗೂ ಅದು ಕಟೌಟೆಂದು ಗೊತ್ತು. ನನಗೆ ಭಯ ತರುವ ವಿಗ್ರಹ ಗುಡಿಯ ಒಳಗಡೆಯೇ ಇದೆ.

ಈ ಮಾತು ಅಪಚಾರದಂತೆ ಕೇಳಿಸೀತು, ವಿವರಿಸುತ್ತೇನೆ. ಅರಿಶಿನ ಮೆತ್ತಿದ ಆ ಗುಂಡುಕಲ್ಲಿನ ಮುಂದೆ ಹಿಂದೆ ಆಣೆ ನಡೆಯುತ್ತಿತ್ತು. ಬದುವಿನ ಜಗಳವಿರಲಿ, ಸಾಲದ ತಕರಾರಿರಲಿ, ಪತ್ರವಿಲ್ಲದ ವ್ಯಾಜ್ಯವೆಲ್ಲ ಕಡೆಗೆ ಬಂದು ನಿಲ್ಲುತ್ತಿದ್ದುದು ಅಲ್ಲಿ. ಕಲ್ಲಿನ ಮುಂದೆ ಕರ್ಪೂರ ಹಚ್ಚಿ, ಅದರ ಮೇಲೆ ಕೈಯಿಟ್ಟು ಹೇಳಬೇಕು. ಅಜ್ಜ ಒಂದು ಪ್ರಸಂಗ ಹೇಳುತ್ತಿದ್ದರು. ಎರಡು ಗುಂಟೆ ನೆಲ ಒತ್ತಿದ್ದವನೊಬ್ಬನು ಪಂಚಾಯಿತಿಯಲ್ಲಿ ಮೂರು ದಿನ ವಾದಿಸಿ, ಆಣೆಗೆ ಒಪ್ಪಿ, ಸ್ನಾನ ಮಾಡಿ ಬಂದು, ಕರ್ಪೂರ ಉರಿಯುತ್ತಿರುವಾಗ ಕೈ ಹಿಂತೆಗೆದುಕೊಂಡು, ಒಂದು ಮಾತೂ ಆಡದೆ ಹೋಗಿ ಬದುವಿನ ಕಲ್ಲನ್ನು ಮೊದಲಿದ್ದಲ್ಲಿಗೆ ಇಟ್ಟನಂತೆ. ಅವನಿಗೆ ಕಲ್ಲಿನ ಮೇಲಿದ್ದುದು ಭಯವೋ ಭಕ್ತಿಯೋ ನಾನರಿಯೆ. ಆದರೆ ಆ ಕಲ್ಲು ಅವನನ್ನು ಒಂದು ಪ್ರಶ್ನೆ ಕೇಳಿತೆಂಬುದು ನಿಶ್ಚಯ. ಅದಕ್ಕೆ ಮುಖವಿರಲಿಲ್ಲ, ಕಣ್ಣಿರಲಿಲ್ಲ. ಆದರೂ ಅದನ್ನು ವಿಗ್ರಹವೆನ್ನಲು ನನಗೆ ಮನಸ್ಸು ಬಾರದು.

ಈಗಿನ ಅಮ್ಮನವರಿಗೆ ಶಿಲ್ಪಿಗಳು ಸುಂದರವಾದ ಮುಖ ಕಡೆದಿದ್ದಾರೆ, ಬೆಳ್ಳಿಯ ಕಣ್ಣಿಟ್ಟಿದ್ದಾರೆ. ಆಣೆಯಿಡುವ ಪದ್ಧತಿ ಮಾತ್ರ ನಿಂತುಹೋಗಿದೆ. ಗುಡಿ ಕಟ್ಟಿದ ಮೇಲೆ ಅಂಥ ಜಗಳಗಳನ್ನು ಅಲ್ಲಿಗೆ ತರಬಾರದೆಂದು ಹಿರಿಯರೇ ತೀರ್ಮಾನಿಸಿದರಂತೆ. ಸ್ಥಳದ ಶುದ್ಧಿ ಕೆಡುತ್ತದೆಯಂತೆ. ಹೀಗೆ ಅಮ್ಮನವರಿಗೆ ಸೀರೆ ಬಂತು, ಒಡವೆ ಬಂತು, ದೀಪಾಲಂಕಾರ ಬಂತು, ಕೇಳುವ ಹಕ್ಕು ಹೋಯಿತು. ಏನನ್ನೂ ಕೇಳದೆ, ಕೊಟ್ಟದ್ದನ್ನು ತೆಗೆದುಕೊಂಡು, ಕೊಟ್ಟವನ ಹೆಸರನ್ನು ಬಾಗಿಲಲ್ಲಿ ಹಾಕಿಕೊಳ್ಳುವ ದೇವರು ಸಿರಿವಂತನಿಗೆ ಎಷ್ಟು ಅನುಕೂಲ! ಚಿನ್ನದ ಕರುವನ್ನು ಎರಕ ಹೊಯ್ದು ಪೂಜಿಸಿದವರ ಕಥೆ ಯೆಹೂದ್ಯರ ಗ್ರಂಥದಲ್ಲಿ ಬರುತ್ತದೆ. ಅವರು ಅದನ್ನು ಬೇರೊಂದು ದೇವರೆಂದು ಪೂಜಿಸಲಿಲ್ಲ, ತಮ್ಮನ್ನು ಈಜಿಪ್ಟಿನಿಂದ ಕರೆತಂದ ದೇವರೆಂದೇ ಸಾರಿ ಹಬ್ಬ ಮಾಡಿದರು. ಅಷ್ಟು ದೂರದ ಕಥೆಯೂ ನನಗೆ ನಮ್ಮೂರಿನದೇ ಎನಿಸಿತು.

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ಸೋದರತ್ತೆಯನ್ನು ಕೊಟ್ಟಿರುವುದು ನಾಗಮಂಗಲದ ಕಡೆಗೆ, ನಾಲೆಯಿಲ್ಲದ ಒಣಸೀಮೆಗೆ. ಹೆದ್ದಾರಿಗೆ ಹೋದ ಒಂದು ಎಕರೆ ಹತ್ತು ಗುಂಟೆ ನಮ್ಮ ಮುತ್ತಜ್ಜನ ಕಾಲದ್ದು, ಪಿತ್ರಾರ್ಜಿತ. ಪರಿಹಾರದ ಹಣ ಕೈಗೆ ಬರಬೇಕಾದರೆ ಅತ್ತೆಯ ರುಜು ಬೇಕಾಗಿತ್ತು. ಕಾರಿನಲ್ಲಿ ಕರೆತಂದು, ಹೋಳಿಗೆ ಊಟ ಹಾಕಿ, ಅರಿಶಿನ ಕುಂಕುಮದೊಡನೆ ಒಂದು ಸೀರೆಯನ್ನೂ ಐದು ಸಾವಿರ ರೂಪಾಯಿಗಳನ್ನೂ ಮಡಿಲಿಗೆ ಹಾಕಿ, ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರು. ಆಕೆ ಓದಿದವರಲ್ಲ. ಏನೆಂದು ಕೇಳಲೂ ಇಲ್ಲ. ತವರಿನಲ್ಲಿ ಕೇಳಿದರೆ ತವರು ತಪ್ಪುತ್ತದೆಂಬ ಅಂಜಿಕೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಇದೆ.

ಕಾನೂನು ಏನು ಹೇಳುತ್ತದೆಂಬುದು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಓದಿದ ಮೇಲಷ್ಟೇ ನನಗೆ ತಿಳಿಯಿತು. ಕರ್ನಾಟಕವು 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ತಂದೆ ಆ ಹೊತ್ತಿಗೆ ಬದುಕಿದ್ದರೇ ಇಲ್ಲವೇ ಎಂಬ ಪ್ರಶ್ನೆಯೂ ಅಡ್ಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. ಎಂದರೆ ಅತ್ತೆಗೆ ಹಕ್ಕಿತ್ತು. ಇದ್ದುದರಿಂದಲೇ ಅಲ್ಲವೇ ಹೆಬ್ಬೆಟ್ಟು ಬೇಕಾದದ್ದು? ಇಲ್ಲದ ಹಕ್ಕನ್ನು ಯಾರಾದರೂ ಪತ್ರ ಬರೆಸಿ ಬಿಡಿಸಿಕೊಳ್ಳುತ್ತಾರೆಯೇ?

2023ರ ಬರದಲ್ಲಿ ಅತ್ತೆಯ ತೋಟದ ಕೊಳವೆಬಾವಿ ಬತ್ತಿಹೋಯಿತು. ಹೊಸದನ್ನು ಕೊರೆಸಲು ಒಂದು ಲಕ್ಷ ರೂಪಾಯಿ ಸಾಲವಾಗಿ ಕೇಳಲು ಬಂದರು, ಪಾಲಿನ ಮಾತೆತ್ತಲಿಲ್ಲ. ಕೈಯಲ್ಲಿ ಕಾಸಿಲ್ಲವೆಂದು ನಮ್ಮ ತಂದೆಯವರು ಹೇಳಿದರು. ಅದು ಪೂರ್ತಿ ಸುಳ್ಳೂ ಅಲ್ಲ, ಹಣವನ್ನು ಗೋಪುರಕ್ಕೆ ಮುಡಿಪಾಗಿಟ್ಟಾಗಿತ್ತು. ಅತ್ತೆ ಕಾಫಿ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ನಾನು ಬಸ್ಸಿನವರೆಗೂ ಹೋಗಿ ಬಿಟ್ಟುಬಂದೆ. ಆ ಬೇಸಿಗೆಯಲ್ಲಿ ಅವರ ಇಪ್ಪತ್ತೆರಡು ತೆಂಗಿನ ಮರಗಳು ಒಣಗಿದವು.

ಗೌರಿಹಬ್ಬಕ್ಕೆ ತವರಿನಿಂದ ಅತ್ತೆಗೆ ತಪ್ಪದೆ ಬಾಗಿನ ಹೋಗುತ್ತದೆ, ಇದನ್ನು ಹೇಳದಿದ್ದರೆ ನಮ್ಮ ತಂದೆಯವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ ಎಲ್ಲವೂ ಇರುತ್ತವೆ. ಕಟ್ಟೆ ತುಂಬಿದಾಗ ಕಾವೇರಿಗೆ ಬಿಡುವುದೂ ಅದೇ ಮೊರದ ಬಾಗಿನ. ನದಿಯನ್ನೂ ನಾವು ಮನೆಯ ಮಗಳಂತೆ ಕಾಣುತ್ತೇವೆ; ಮಡಿಲು ತುಂಬಿ ಕಳಿಸುತ್ತೇವೆ; ಆಕೆಯ ಪಾಲೆಷ್ಟೆಂದು ಯಾರೂ ಲೆಕ್ಕ ಹಾಕುವುದಿಲ್ಲ.

ನಮ್ಮ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿಯ ಕಥೆಯನ್ನು ಸಹಪಾಠಿಗಳಲ್ಲಿ ಹಲವರು ಕೇಳಿರಬಹುದು. ಆ ಪರಂಪರೆಯ ಮಠವಿರುವ ಬೊಪ್ಪಗೌಡನಪುರ ನಮ್ಮದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿದೆ. ಹಾಡುವವರು ಹಾಡುವಂತೆ, ಕಲ್ಯಾಣ ಪಟ್ಟಣವು ಸಿರಿಯಿಂದ ತುಂಬಿ ತುಳುಕುತ್ತಿತ್ತು; ಬಸವಣ್ಣನವರ ಮನೆಯಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹ. ಅಲ್ಲಿಗೆ ಮಂಟೇಸ್ವಾಮಿ ಬಂದದ್ದು ಮೈಯೆಲ್ಲ ಹುಣ್ಣಾಗಿ ನಾರುವ ತಿರುಕನ ವೇಷದಲ್ಲಿ. ಬಾಗಿಲು ಕಾಯುವವರು ಹೊಡೆದು ಓಡಿಸಿದರು. ಆತ ಹೋಗಿ ತಿಪ್ಪೆಯ ಮೇಲೆ ಬಿದ್ದುಕೊಂಡನು. ಒಳಗೆ ಪೂಜೆ ನಿಲ್ಲಲಿಲ್ಲ, ಪ್ರಸಾದ ನಿಲ್ಲಲಿಲ್ಲ. ಬಂದವನು ಯಾರೆಂದು ಅರಿತು ತಿಪ್ಪೆಯವರೆಗೆ ನಡೆದು ಬಂದವರು ಬಸವಣ್ಣ ದಂಪತಿಗಳು. ಆ ಮೇಲೆ ಸ್ವಾಮಿಯು ಒಡ್ಡಿದ ಪರೀಕ್ಷೆಯಲ್ಲಿ ಅಷ್ಟು ಸಾವಿರ ಜಂಗಮರೂ ಸೋತರೆಂದು ಕಥೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೀಗೆ ನಡೆಯಿತೆಂದು ಚರಿತ್ರೆಯ ಅಧ್ಯಾಪಕರು ಒಪ್ಪಲಿಕ್ಕಿಲ್ಲ. ಒಪ್ಪಬೇಕಾದ್ದೂ ಇಲ್ಲ. ದೇವರನ್ನು ಅತಿಯಾಗಿ ಪೂಜಿಸುವ ಬಾಗಿಲಿನಿಂದಲೇ ದೇವರು ಏಟು ತಿಂದು ಹೋದನೆಂದು ಅಕ್ಷರ ಬಾರದ ಹಾಡುಗಾರರು ಇಷ್ಟು ಕಾಲ ಹಾಡುತ್ತ ಬಂದಿದ್ದಾರಲ್ಲ, ಅದು ನನಗೆ ಸಾಕು. ನೀಲಗಾರರು ನಮ್ಮ ಜಗುಲಿಯಲ್ಲಿ ಇದನ್ನು ಹಾಡಿದಾಗ ತಂದೆಯವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅಳು ನಿಜವಾದದ್ದೇ. ನಮ್ಮ ತಂದೆಯವರು ಕೆಟ್ಟವರೆಂದು ಓದುಗರು ತಿಳಿಯಬಾರದು.

ನಮ್ಮ ತರಗತಿಯ ಮಿತ್ರರೊಬ್ಬರಿಗೆ ಈ ವಿಚಾರವನ್ನು ಹೇಳಿದಾಗ, ದೇವರೆಂಬುದನ್ನೇ ಕೈಬಿಟ್ಟರೆ ಈ ತಾಪತ್ರಯವೆಲ್ಲ ಮುಗಿಯುತ್ತದೆ, ಪಾಲು ಕೇಳಲು ಸಂವಿಧಾನವಿದೆ, ನ್ಯಾಯಾಲಯವಿದೆ ಎಂದರು. ಅವರ ಪ್ರಾಮಾಣಿಕತೆಯಲ್ಲಿ ನನಗೆ ಗೌರವವಿದೆ. ಆದರೆ ಅತ್ತೆ ನ್ಯಾಯಾಲಯಕ್ಕೆ ಹೋಗುವವರಲ್ಲ. ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿದೆ. ಪತ್ರ ನೋಂದಣಿಯಾಗಿದೆ, ಸಾಕ್ಷಿಗಳಿದ್ದಾರೆ. ಕಾನೂನು ಬಾಯಿ ಮುಚ್ಚಿದ ಕಡೆಯಲ್ಲಿ ಕೇಳುವವರು ಇನ್ನೊಬ್ಬರು ಬೇಡವೇ? ಕರ್ಪೂರದ ಮುಂದೆ ಕೈ ಹಿಂತೆಗೆದವನನ್ನು ಯಾವ ಅಮಲ್ದಾರನೂ ತಡೆದಿರಲಿಲ್ಲ. ಮತ್ತೊಬ್ಬರು ಇದಕ್ಕೆ ವಿರುದ್ಧವಾಗಿ, ದೇವರಿಗೆ ಕೊಟ್ಟದ್ದನ್ನು ಲೆಕ್ಕ ಹಾಕುವುದು ನಾಸ್ತಿಕತನವೆಂದರು. ಹಾಗಾದರೆ ದಾನಿಗಳ ಕಲ್ಲಿನಲ್ಲಿ ಮೊತ್ತವನ್ನು ಬರೆಸಿದವರನ್ನು ಏನೆನ್ನೋಣ?

ಸಿರಿಯೇ ಪಾಪವೆಂದು ನಾನು ಹೇಳಲಾರೆ. ಹುರುಳಿಯ ಕಾಲಕ್ಕೆ ಮರಳಿ ಹೋಗೋಣವೆಂದು ಉಪದೇಶಿಸುವವರು ಹುರುಳಿಯನ್ನು ತಿಂದು ಬದುಕಿದವರಾಗಿರುವುದಿಲ್ಲ. ಗೋಪುರವೂ ಇರಲಿ, ದೂರದ ಗದ್ದೆಯಿಂದ ಸಂಜೆ ನೋಡಿದರೆ ಕಣ್ಣಿಗೆ ಹಿತವಾಗಿಯೇ ಇದೆ. ಆದರೆ ದೇವರ ಕಡೆಗೆ ಮರಳುವುದೆಂದರೆ ಗುಡಿಯ ದಿಕ್ಕಿಗೆ ನಡೆಯುವುದೆಂದು ನಾವು ಭಾವಿಸಿಕೊಂಡಿದ್ದೇವೆ. ನಮ್ಮ ಮನೆಯ ಮಟ್ಟಿಗಾದರೂ ಆ ದಾರಿ ನಾಗಮಂಗಲದ ಬಸ್ಸಿನದು ಎಂದು ನನಗೆ ತೋರುತ್ತದೆ.

ಕಳಸಾರೋಹಣಕ್ಕೆ ಅತ್ತೆಯನ್ನು ಕರೆದಿದ್ದರು. ಜನಸಂದಣಿ ಕರಗಿದ ಮೇಲೆ ಆಕೆ ಕಲ್ಲಿನ ಮುಂದೆ ನಿಂತು ನನ್ನನ್ನು ಕೂಗಿದರು.

“ಏನ್ ಬರ್ಸವ್ರೆ ಮಗ ಇದ್ರಲ್ಲಿ?”

ನಾನು ಹೆಸರುಗಳನ್ನು ಓದಿದೆ. ಮೂರನೆಯದನ್ನು ಓದುವಾಗ, ಇಂಥವರ ಮಗ ಇಂಥವರು ಎಂದು ಅಜ್ಜನ ಹೆಸರೂ ಬಂತು.

“ನಮ್ಮಪ್ಪನ್ ಹೆಸ್ರು ಐತಾ?” ಎಂದರು. ಎಲ್ಲಿದೆಯೆಂದು ತೋರಿಸಿದೆ. ಬೆರಳಿನಿಂದ ಆ ಅಕ್ಷರಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಳಗೆ ಅಮ್ಮನವರಿಗೆ ಅವರು ಅಷ್ಟು ಹೊತ್ತು ಕೈಮುಗಿದಿರಲಿಲ್ಲ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಮನೆಯಲ್ಲಿ ಓದಿ ಹೇಳಿದ್ದೇನೆ. ಬೆನ್ನ ಹಿಂದೆ ಬರೆದೆನೆಂಬ ಮಾತು ಬರಬಾರದಷ್ಟೆ. “ದೇವ್ರಿಗೆ ಕೊಟ್ಟಿದ್ನೂ ತಪ್ಪು ಅಂತೀಯಲ್ಲೋ, ಇದ್ಕಾ ನಿನ್ನ ಓದ್ಸಿದ್ದು?” ಎಂದು ತಂದೆಯವರು ಎದ್ದು ಗದ್ದೆಯ ಕಡೆಗೆ ಹೊರಟುಹೋದರು. ಎರಡು ದಿನ ನನ್ನೊಡನೆ ಮಾತಿರಲಿಲ್ಲ. ಮೂರನೆಯ ರಾತ್ರಿ ಊಟಕ್ಕೆ ಕೂತಾಗ, ನಾಗಮಂಗಲದ ಕಡೆ ಈಗ ಕೊಳವೆಬಾವಿಗೆ ಎಷ್ಟು ಅಡಿಗೆ ನೀರು ಸಿಗುತ್ತದೆಂದು ಅಮ್ಮನನ್ನು ಕೇಳಿದರು. ಅಮ್ಮನಿಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆಂದು ನಾನೆಂದೆ. ಅವರು ಬೇಡವೆನ್ನಲಿಲ್ಲ.